ಅಜ್ಜ ಬೇಡವೆಂದ ಚೂಪು

ಕಾದ ಕಬ್ಬಿಣವನ್ನು ನೀರಿಗೆ ಅದ್ದಿದಾಗ ಒಂದು ವಾಸನೆ ಏಳುತ್ತದೆ. ಬರೀ ಹೊಗೆಯದ್ದಲ್ಲ, ಬರೀ ತುಕ್ಕಿನದ್ದೂ ಅಲ್ಲ, ಎರಡೂ ಬೆರೆತು ನಾಲಗೆಯ ಬುಡದಲ್ಲಿ ಹೋಗಿ ಕೂರುವಂಥದ್ದು. ಮೊನ್ನೆ ಚನ್ನಗಿರಿಯ ಬಸ್ ನಿಲ್ದಾಣದ ಹಿಂದೆ, ಟ್ರ್ಯಾಕ್ಟರ್ ರಿಪೇರಿ ಮಾಡುವ ಶೆಡ್ಡಿನ ಮುಂದೆ ಹಾದುಹೋಗುವಾಗ ಆ ವಾಸನೆ ಮೂಗಿಗೆ ಬಡಿದು, ತರಕಾರಿ ಚೀಲ ಹಿಡಿದುಕೊಂಡು ಅಲ್ಲೇ ನಿಂತುಬಿಟ್ಟೆ. ಅರವತ್ತರ ಹತ್ತಿರದ ಹೆಂಗಸು ಗ್ಯಾರೇಜಿನ ಮುಂದೆ ಸೆರಗಿನಿಂದ ಕಣ್ಣೊರೆಸಿಕೊಳ್ಳುತ್ತ ನಿಂತರೆ ನೋಡಿದವರು ಏನೆಂದುಕೊಂಡಾರು? ಅಂದುಕೊಳ್ಳಲಿ ಬಿಡಿ. ಕಳೆದುಹೋದ ಮನೆಯೊಂದು ನಿಮಗೂ ಇದ್ದರೆ, ಅದರ ಬಾಗಿಲು ಹೀಗೆ ಯಾವುದೋ ಬೀದಿಯಲ್ಲಿ, ಯಾವುದೋ ಹೊತ್ತಿನಲ್ಲಿ ತೆರೆದುಕೊಳ್ಳುತ್ತದೆ ಎಂಬುದು ನಿಮಗೇ ಗೊತ್ತಿರುತ್ತದೆ.

ನಮ್ಮ ಮನೆ ಇದ್ದದ್ದು ನ್ಯಾಮತಿಯಲ್ಲಿ. ಮನೆ ಎನ್ನುವುದಕ್ಕಿಂತ ಕುಲುಮೆ ಎನ್ನಬೇಕು. ಮುಂಭಾಗದಲ್ಲಿ ಅಜ್ಜನ ತಿದಿ, ಕೆಂಡ, ಸುತ್ತಿಗೆ. ಅದರ ಹಿಂದೆ ನಾವು. ಕುಡುಗೋಲು, ಗುದ್ದಲಿ, ನೇಗಿಲ ಗುಳ ಎಲ್ಲವನ್ನೂ ಅಜ್ಜ ಮಾಡುತ್ತಿದ್ದ. ಆದರೆ ಅವನ ಜೀವ ಇದ್ದದ್ದು ಜೇಬಿನಲ್ಲಿ ಇಟ್ಟುಕೊಳ್ಳುವ ಮಡಚು ಚಾಕುವಿನಲ್ಲಿ. ಅದೂ ಒಂದೇ ಅಲಗಿನದು. ಪೇಟೆಯಿಂದ ನಾಲ್ಕೈದು ಅಲಗಿನ ಚಾಕು ತಂದು ಯಾರಾದರೂ ತೋರಿಸಿದರೆ ತಿರುಗಿಸಿ ನೋಡಿ, ಇದು ಚಾಕಲ್ಲ ಸಂತೆ ಎಂದು ನಕ್ಕು ವಾಪಸ್ಸು ಕೊಡುತ್ತಿದ್ದ. ಕೊಡುತ್ತಿದ್ದ ಎಂದರೆ ಕೈಗಲ್ಲ. ಚಾಕುವನ್ನು ಕೈಯಿಂದ ಕೈಗೆ ಕೊಟ್ಟರೆ ಜಗಳವಾಗುತ್ತದೆಂದು ನೆಲಕ್ಕೆ ಇಡುವನು, ಅವರು ಎತ್ತಿಕೊಳ್ಳಬೇಕು. ಚಾಕು ಮಾಡಿಕೊಡು ಎಂದು ಬಂದವರನ್ನು ಮೊದಲು ಕೂರಿಸಿ ಅವನು ಕೇಳುವ ಪ್ರಶ್ನೆ ಒಂದೇ. ಬೆಳಿಗ್ಗೆಯಿಂದ ಸಂಜೆಯವರೆಗೆ ಏನೇನು ಕೊಯ್ಯುತ್ತೀರಿ? ಎಲೆತೋಟದವನು ಬಳ್ಳಿ ಎಂದರೆ ಗಿಣಿಯ ಮೂಗಿನಂತೆ ಒಳಕ್ಕೆ ಬಾಗಿದ ಅಲಗು. ಸೊಕ್ಕೆ ಊರಿನ ಕಡೆಯಿಂದ ಕುರಿ ಹೊಡೆದುಕೊಂಡು ಬರುವವರು ಚರ್ಮ ಸುಲಿಯಬೇಕು ಎಂದರೆ ಮುಂದೆ ಹೊಟ್ಟೆ ಉಬ್ಬಿದ ಅಲಗು. ಎಲ್ಲವನ್ನೂ ಒಂದಿಷ್ಟಿಷ್ಟು ಕೊಯ್ಯುತ್ತೇನೆ ಎನ್ನುವ ನಮ್ಮ ನಿಮ್ಮಂಥವರಿಗೆ ಅವನ ಆಯ್ಕೆ ಕುರಿಮೂತಿ. ಕೊಯ್ಯುವ ಬಾಯಿ ನೆಟ್ಟಗೆ, ಬೆನ್ನು ಮಾತ್ರ ಮುಂದೆ ಬಂದು ಕೆಳಕ್ಕೆ ಇಳಿದಿರುತ್ತದೆ, ಚೂಪು ತುದಿಯೇ ಇರುವುದಿಲ್ಲ. ಅವನ ಜೇಬಿನಲ್ಲಿ ಕೊನೆಯವರೆಗೂ ಇದ್ದದ್ದು ಅದೇ.

ನನಗೆ ಒಂಬತ್ತು, ತಂಗಿ ಗೌರಿಗೆ ಆರು ವರ್ಷವಾಗಿದ್ದಾಗ ನಮಗೂ ಒಂದು ಚಾಕು ಬೇಕೆಂದು ಅವನ ಬೆನ್ನು ಬಿದ್ದೆವು. ಹೆಣ್ಣುಮಕ್ಕಳಿಗೆ ಚಾಕು ಯಾಕೆ ಎಂದು ಕೇಳುವವರ ಪೈಕಿ ಅವನಲ್ಲ. ಇಬ್ಬರಿಗೂ ಸೇರಿ ಒಂದು ಎಂದು ಒಪ್ಪಿ, ದೊಡ್ಡವರನ್ನು ಕೂರಿಸುವ ಹಾಗೆಯೇ ನಮ್ಮನ್ನೂ ಮರದ ದಿಮ್ಮಿಯ ಮೇಲೆ ಕೂರಿಸಿ ಅದೇ ಪ್ರಶ್ನೆ ಕೇಳಿದ. ಪೆನ್ಸಿಲ್, ಮಾವಿನಕಾಯಿ, ಸೀಬೆಕಾಯಿ, ಹೂ ಕಟ್ಟುವ ದಾರ ಎಂದು ಗೌರಿ ಬೆರಳು ಮಡಚಿ ಮಡಚಿ ಹೇಳಿದಳು. ಹಾಗಾದರೆ ಕುರಿಮೂತಿ ಎಂದ ಅಜ್ಜ. ನನಗೆ ಅಳುವೇ ಬಂತು. ಶಾಲೆಯಲ್ಲಿ ನನ್ನ ಪಕ್ಕ ಕೂರುತ್ತಿದ್ದವಳ ಹತ್ತಿರ ಸೂಜಿಯಂಥ ತುದಿಯ ಚಾಕು ಇತ್ತು. ಮೊಂಡು ಮೂತಿಯದನ್ನು ಹಿಡಿದುಕೊಂಡು ಹೋದರೆ ನನ್ನ ಮಾನ ಏನಾಗಬೇಕು! ಅಜ್ಜ ಸಮಾಧಾನ ಮಾಡಿದ.

"ತುದಿ ಇರೋದು ಚುಚ್ಚಾಕೆ ಕಣವ್ವ. ನಿಮಗೆ ಚುಚ್ಚೋ ಕೆಲಸ ಏನೈತೆ?"

ಎಷ್ಟು ಸರಳವಾದ ಮಾತು. ಈಗ ನನ್ನ ಎದೆಗೆ ಅದೇ ಚುಚ್ಚುತ್ತದೆ. ಆದರೆ ಆಗ ನಾನು ಎಂಥ ಹಟಮಾರಿ ಎಂದರೆ, ಅವನು ಕುರಿಮೂತಿ ಮಾಡಿ ಮುಗಿಸಿ, ಬಿದಿರಿನ ಹಿಡಿ ಹಾಕುವುದಷ್ಟೇ ಬಾಕಿ ಇದ್ದಾಗ, ಇದು ಮುದುಕರ ಚಾಕು ಎಂದು ಮುಖ ತಿರುಗಿಸಿದೆ. ಎರಡು ದಿನ ಅವನ ಹತ್ತಿರ ಮಾತಾಡಲಿಲ್ಲ. ಕುಲುಮೆಯ ಕಡೆ ಸುಳಿಯಲಿಲ್ಲ. ಅವ್ವ ಆ ವಾರ ಹೊನ್ನಾಳಿಯ ತವರಿಗೆ ಹೋಗಿದ್ದಳು, ಇದ್ದಿದ್ದರೆ ಎರಡು ಬಿಟ್ಟು ಸರಿಮಾಡುತ್ತಿದ್ದಳು. ಮೂರನೆಯ ದಿನ ಅಜ್ಜನೇ ಸೋತ. ಅಲಗನ್ನು ಮತ್ತೆ ಕೆಂಡಕ್ಕಿಟ್ಟ. ಕೆಂಪಾದ ಮೇಲೆ ಮೂತಿಯನ್ನು ಬಡಿದು, ಎಳೆದು, ಚೂಪು ಮಾಡಿದ. ತಿದಿ ಒತ್ತಿದವಳು ನಾನೇ. ಖುಷಿಯಿಂದ ಒತ್ತಿದೆ. ನೀರಿಗೆ ಅದ್ದಿದಾಗ ಸುಯ್ ಎಂದು ಎದ್ದ ಆವಿಯಲ್ಲಿ ಮುಖ ಒಡ್ಡಿ ನಿಂತಿದ್ದೆ.

ಒಂದೂವರೆ ತಿಂಗಳು ಆ ಚಾಕು ನಮ್ಮ ಪ್ರಾಣವಾಗಿತ್ತು. ಆಮೇಲೆ ಒಂದು ಭಾನುವಾರ, ಹಿತ್ತಲಿನ ಬೇವಿನ ಮರಕ್ಕೆ ಜೋಕಾಲಿ ಕಟ್ಟಬೇಕೆಂದು ಗೌರಿ ತೆಂಗಿನ ನಾರಿನ ಹಗ್ಗದ ಗಂಟು ಬಿಚ್ಚುತ್ತಿದ್ದಳು. ಗಂಟು ಬಿಗಿದಿತ್ತು. ಕುರಿಮೂತಿಯಾಗಿದ್ದರೆ ಗಂಟಿನೊಳಗೆ ತೂರುತ್ತಲೇ ಇರಲಿಲ್ಲ, ಅವಳು ಬೇಸರಪಟ್ಟು ಅಜ್ಜನ ಹತ್ತಿರ ಒಯ್ಯುತ್ತಿದ್ದಳು. ಇದಕ್ಕೆ ತುದಿ ಇತ್ತಲ್ಲ. ಹಗ್ಗವನ್ನು ಮುಖದ ಹತ್ತಿರ ಹಿಡಿದು, ತುದಿಯನ್ನು ಗಂಟಿಗೆ ತೂರಿಸಿ ಮೇಲಕ್ಕೆ ಮೀಟಿದಳು. ಗಂಟು ತಟ್ಟನೆ ಸಡಿಲವಾಯಿತು. ನಾನು ಎರಡು ಮಾರು ದೂರದಲ್ಲಿ ಮಣೆ ಹಿಡಿದು ನಿಂತಿದ್ದೆ. ದಾವಣಗೆರೆಯ ದೊಡ್ಡಾಸ್ಪತ್ರೆಯಲ್ಲಿ ಹನ್ನೊಂದು ದಿನ ಇಟ್ಟುಕೊಂಡರು, ಪಾಪ, ಅವರ ಕೈಲಾದದ್ದನ್ನೆಲ್ಲ ಮಾಡಿದರು. ಎಡಗಣ್ಣು ಉಳಿಯಲಿಲ್ಲ.

ಆಸ್ಪತ್ರೆಯಿಂದ ಬಂದ ದಿನ ಅವ್ವ ನಡುಮನೆಯಲ್ಲಿ ನಿಂತು, ಮಕ್ಕಳ ಚಾಕುವಿಗೆ ಇಂಥ ತುದಿ ಇಡು ಎಂದವರು ಯಾರು ಎಂದು ಕೇಳಿದಳು. ಗಟ್ಟಿಯಾಗಿಯೂ ಕೇಳಲಿಲ್ಲ. ನಾನು ಕಂಬದ ಹತ್ತಿರ ಇದ್ದೆ. ಅಜ್ಜ ನನ್ನ ಕಡೆ ತಿರುಗಿಯೂ ನೋಡಲಿಲ್ಲ.

"ನಾನೇ ಇಟ್ಟೆ ಕಣವ್ವ. ನಂಗೇ ತಿಳೀಲಿಲ್ಲ," ಅಂದ.

ಅವತ್ತಿನಿಂದ ಅವ್ವ ಅಜ್ಜನಿಗೆ ಬಡಿಸುವುದನ್ನು ನಿಲ್ಲಿಸಿದಳು. ಇದು ಸಣ್ಣ ವಿಷಯ ಎಂದು ತಿಳಿಯಬೇಡಿ. ಅಜ್ಜಿ ಸತ್ತ ಮೇಲೆ ಅವ್ವನೇ ಅವನಿಗೆ ಹೊತ್ತುಹೊತ್ತಿಗೆ ಮೊದಲು ಬಡಿಸಿ, ಇನ್ನೊಂದು ರೊಟ್ಟಿ ಹಾಕಲೇ ಮಾವ ಎಂದು ಕೇಳಿ, ಅವನು ಎದ್ದ ಮೇಲೆಯೇ ಉಳಿದವರಿಗೆ ತಟ್ಟೆ ಇಡುತ್ತಿದ್ದಳು. ಈಗ ತಟ್ಟೆಗೆ ಹಾಕಿ ನನ್ನ ಕೈಗೆ ಕೊಡುವಳು, ನಾನು ಕುಲುಮೆಗೆ ಒಯ್ಯಬೇಕು. ಅಪ್ಪ ಮಿಲ್ಲಿನ ಕೆಲಸಕ್ಕೆ ಹೋಗಿ ಸಂಜೆ ಬರುವವನು, ಒಂದೆರಡು ಸಲ ಹೇಳಿ ನೋಡಿ ಸುಮ್ಮನಾದ. ಅಜ್ಜ ಇನ್ನೊಂದು ರೊಟ್ಟಿ ಬೇಕೆಂದು ಒಮ್ಮೆಯೂ ಕೇಳಲಿಲ್ಲ. ಕುಡುಗೋಲು ಮಾಡಿದ, ಗುಳ ಬಡಿದು ಹಣಿದ, ಚಾಕು ಮಾತ್ರ ಮುಟ್ಟಲಿಲ್ಲ. ಒಂದು ಮಧ್ಯಾಹ್ನ ತಟ್ಟೆ ಅವನ ಮುಂದಿಟ್ಟವಳು ಅಲ್ಲೇ ಕೂತು ಅತ್ತುಬಿಟ್ಟೆ. ಅವ್ವನಿಗೆ ಎಲ್ಲ ಹೇಳಿಬಿಡುತ್ತೇನೆ ಎಂದೆ. ಅವನು ರೊಟ್ಟಿ ಮುರಿಯುವುದನ್ನು ನಿಲ್ಲಿಸಿದ.

"ಬ್ಯಾಡ ಕೂಸೇ. ಸಿಟ್ಟು ಮಾಡಾಕೆ ನಿಮ್ಮವ್ವಗೆ ಯಾರಾರ ಒಬ್ರು ಬೇಕು. ನಾನು ಎಷ್ಟು ದಿನ ಇರ್ತೀನಿ? ನೀನು ಆಕಿ ಜೊತೆ ಇನ್ನೂ ಭಾಳ ವರ್ಷ ಬಾಳಬೇಕು."

ಆ ಮಾತನ್ನು ನಾನು ಎರಡೂ ಕೈಯಲ್ಲಿ ಹಿಡಿದುಕೊಂಡೆ. ಅವನೇ ಬೇಡ ಎಂದನಲ್ಲ, ಇನ್ನೇನು ಬೇಕು? ನಾಲ್ಕು ವರ್ಷ ತಟ್ಟೆ ಹೊತ್ತೆ. ಹೇಡಿ ಎಂದು ನನ್ನನ್ನು ನಾನೇ ಬೈದುಕೊಂಡಷ್ಟು ಯಾರೂ ಯಾರನ್ನೂ ಬೈದಿರಲಾರರು, ಆದರೂ ಬಾಯಿ ಬಿಡಲಿಲ್ಲ. ಒಂದು ಮಾಘದ ಬೆಳಿಗ್ಗೆ ತಿದಿಯ ಪಕ್ಕದಲ್ಲೇ ಒರಗಿದ ಅಜ್ಜ ಮತ್ತೆ ಏಳಲಿಲ್ಲ. ಬಾಯಿಗೆ ನೀರು ಬಿಡುವಾಗಲೂ ಅವ್ವ ಮುಂದೆ ಬರಲಿಲ್ಲ, ಗೌರಿಯನ್ನು ಸೊಂಟಕ್ಕೆ ಅಪ್ಪಿಕೊಂಡು ಬಾಗಿಲಲ್ಲಿ ನಿಂತಿದ್ದಳು. ಈಗ ಆ ಜಾಗದಲ್ಲಿ ಮೊಬೈಲ್ ಅಂಗಡಿ ಇದೆ. ಬೇವಿನ ಮರವೂ ಇಲ್ಲ. ಗೌರಿ ಜಗಳೂರಿನಲ್ಲಿ ಟೈಲರಿಂಗ್ ಮಾಡುತ್ತಾಳೆ, ಮೊಮ್ಮಗ ಇದ್ದಾನೆ, ಒಂದೇ ಕಣ್ಣಲ್ಲಿ ನಿನಗಿಂತ ಬೇಗ ಸೂಜಿಗೆ ದಾರ ಪೋಣಿಸುತ್ತೇನೆ ನೋಡು ಎಂದು ನನ್ನನ್ನು ರೇಗಿಸುತ್ತಾಳೆ. ಚಾಕುವಿನ ಆಕಾರಕ್ಕಾಗಿ ನಡೆದ ಹಟ ಅವಳಿಗೆ ನೆನಪಿಲ್ಲ. ನಾನು ನೆನಪಿಸಿದಾಗ, ಹೋಗ್ಲಿ ಬಿಡಕ್ಕಾ, ನೀನೂ ಹುಡುಗಿನೇ ಅಲ್ವಾ ಎಂದು ಮಾತು ಬದಲಿಸಿದಳು. ಅವಳು ಅಷ್ಟು ಸುಲಭವಾಗಿ ಬಿಟ್ಟದ್ದೇ ನನಗೆ ಧೈರ್ಯ ಕೊಟ್ಟಿತೇನೋ.

ಅವ್ವ ಈಗ ನನ್ನ ಜೊತೆಯಲ್ಲೇ ಚನ್ನಗಿರಿಯಲ್ಲಿ ಇದ್ದಾಳೆ. ನಾನು, ನನ್ನ ಮಗಳು, ಅವ್ವ, ಮೂವರೇ. ಎಂಟು ತಿಂಗಳ ಹಿಂದೆ ಒಂದು ಬೆಳಿಗ್ಗೆ ಜಗಲಿಯಲ್ಲಿ ಅವರೆಕಾಯಿ ಸುಲಿಯುತ್ತ ಕೂತಿದ್ದಾಗ ಎಲ್ಲವನ್ನೂ ಹೇಳಿದೆ. ಹಟ ಮಾಡಿದ್ದು, ತಿದಿ ಒತ್ತಿದ್ದು, ಕಂಬದ ಹತ್ತಿರ ಸುಮ್ಮನೆ ನಿಂತದ್ದು. ನಿನಗೆ ಹೇಳುವುದು ಬೇಡವೆಂದು ಅಜ್ಜ ತಡೆದದ್ದನ್ನೂ ಹೇಳಿದೆ. ಅವ್ವ ಸುಲಿಯುವುದನ್ನು ನಿಲ್ಲಿಸಲಿಲ್ಲ. ಕಾಳುಗಳನ್ನೇ ನೋಡುತ್ತ ಮಾತಾಡಿದಳು.

"ಮಾವ ನಾಲ್ಕು ವರ್ಷ ಅರೆಹೊಟ್ಟೇಲಿ ಇದ್ದು ಹೋದರು ಕಣೇ. ಒಂದು ಮಾತು ಹೇಳಾಕೆ ನಿಂಗೆ ಏನಾಗಿತ್ತು?"

ಮಧ್ಯಾಹ್ನ ತಟ್ಟೆ ಇಟ್ಟು ಕರೆದೆ. ಬಂದು ಕೂತಳು. ರೊಟ್ಟಿ ಹಾಕಲು ಬಗ್ಗಿದಾಗ ತಟ್ಟೆಯ ಮೇಲೆ ಅಂಗೈ ಅಡ್ಡ ಹಿಡಿದು, ಒಳಗಿದ್ದ ನನ್ನ ಮಗಳನ್ನು ಕೂಗಿ, ನೀನು ಬಡಿಸು ಬಾ ಎಂದಳು. ಅವತ್ತಿನಿಂದ ಮಗಳೇ ಬಡಿಸುತ್ತಾಳೆ. ನಾನು ಒಲೆಯ ಮುಂದೆ ನಿಂತು ತಟ್ಟೆಗೆ ಹಾಕಿ ಕಳಿಸುತ್ತೇನೆ.