ಎಂಟು ಓಮಿನ ತಪ್ಪೊಪ್ಪಿಗೆ

ಆ ಕಾಗದವನ್ನು ಟೈಪ್ ಮಾಡಿದ್ದು ನಾನೇ. ಅದಕ್ಕೇ ನೆನಪಾದಾಗಲೆಲ್ಲ ಮೈ ಉರಿಯುತ್ತದೆ.

ನಮ್ಮ ಕಾಲೇಜಿನ ಫಿಸಿಕ್ಸ್ ಲ್ಯಾಬಿನ ಅಟೆಂಡರನ್ನು ಎಲ್ಲರೂ ಮುಳ್ಳಣ್ಣ ಎನ್ನುತ್ತಾರೆ. ಯಾರಾದರೂ ಮೀಟರಿನ ಮುಂದೆ ನಿಂತು, “ಎಷ್ಟು ಬರ್ಬೇಕಣ್ಣ?” ಎಂದು ಕೇಳಿದರೆ ಅವರದು ಒಂದೇ ಉತ್ತರ: “ಬರ್ಬೇಕಾದ್ದು ನಂಗೊತ್ತಿಲ್ಲ. ಮುಳ್ಳು ಎಲ್ಲಿ ನಿಂತಿದೆ ನೋಡು.” ಕಸ ಗುಡಿಸಲು ಸೇರಿದವರು, ಇಪ್ಪತ್ತಾರು ವರ್ಷದಲ್ಲಿ ತಂತಿ ಬೆಸೆಯುವುದನ್ನೂ ಮೀಟರ್ ರಿಪೇರಿಯನ್ನೂ ನೋಡಿ ನೋಡಿಯೇ ಕಲಿತರು. ವೋಲ್ಟನ್ನು ಆಂಪಿಯರಿನಿಂದ ಭಾಗಿಸಿದರೆ ರೋಧ, ಎರಡನ್ನೂ ಗುಣಿಸಿದರೆ ವ್ಯಾಟು. ಇಷ್ಟು ಗೊತ್ತಿದ್ದರೆ ಯಾವ ಯಂತ್ರವೂ ನಮ್ಮ ಕಿವಿಗೆ ಹೂ ಇಡಲಾರದು ಎಂದು ಅವರ ನಂಬಿಕೆ.

ಅವರ ಹೆಂಡತಿ ಒಂದು ಇಸ್ತ್ರಿಪೆಟ್ಟಿಗೆ ತಂದಿದ್ದರಂತೆ. ಡಬ್ಬಿಯ ಮೇಲೆ ಸಾವಿರ ವ್ಯಾಟ್ ಎಂದಿತ್ತು. ಮುಳ್ಳಣ್ಣ ಅಳೆದರು. ಇನ್ನೂರ ಮೂವತ್ತು ವೋಲ್ಟು, ಮೂರು ಆಂಪಿಯರು, ಗುಣಿಸಿದರೆ ಆರುನೂರ ತೊಂಬತ್ತು. ಡಬ್ಬಿಯ ಮೇಲಿನ ಸಾವಿರ ಹೊಡೆದುಹಾಕಿ ಆರುನೂರ ತೊಂಬತ್ತು ಎಂದು ಪೆನ್ನಿನಲ್ಲಿ ಬರೆದ ಮೇಲೆಯೇ ಅದನ್ನು ಮನೆಯಲ್ಲಿ ಇಟ್ಟುಕೊಳ್ಳಲು ಒಪ್ಪಿದ್ದು. “ಬಟ್ಟೆ ಸುಕ್ಕು ಹೋಗ್ತಿದೆಯಲ್ರೀ, ಸಾಕು ಬಿಡಿ,” ಎಂದು ಆ ತಾಯಿ ತಲೆ ಚಚ್ಚಿಕೊಂಡರಂತೆ.

ಅಂಥ ಮನುಷ್ಯನ ಲ್ಯಾಬಿನಲ್ಲಿ ಮರದ ಉರುಳೆಗೆ ಸುತ್ತಿದ ತಂತಿಯ ಸುರುಳಿಯೊಂದಿದೆ. ಅದರ ರೋಧ ಕಂಡುಹಿಡಿಯುವುದೇ ಒಂದು ಪ್ರಯೋಗ. ಉತ್ತರ ಹತ್ತು ಓಮ್ ಎಂದು ನಮ್ಮ ಅಕ್ಕಂದಿರ ಕಾಲದಿಂದಲೂ ಗೊತ್ತು. ಹಳೇ ರೆಕಾರ್ಡ್ ಪುಸ್ತಕಗಳು ಕೈಯಿಂದ ಕೈಗೆ ದಾಟಿ ಬರುತ್ತಿದ್ದವು, ಅಳೆಯುವ ಗೋಜಿಗೆ ಹೋಗುವವರು ಯಾರು? ಮೊದಲು ಉತ್ತರ ಬರೆದು, ಅದಕ್ಕೆ ಹೊಂದುವ ಆಂಪಿಯರನ್ನು ಆಮೇಲೆ ತುಂಬುವುದು ಪದ್ಧತಿ. ನಾನೂ ಅಲ್ಲಿಯೇ ಓದಿ, ಈಗ ಅಲ್ಲಿಯ ಆಫೀಸಿನಲ್ಲೇ ಟೈಪಿಸ್ಟ್ ಆಗಿರುವವಳು.

ಹೋದ ವರ್ಷ ಸುರುಳಿಯ ಒಂದು ತುದಿ ಸುಟ್ಟುಹೋಯಿತು. ಹೊಸದು ಬೇಕೆಂದು ಮುಳ್ಳಣ್ಣ ಮೂರು ಸಲ ಬರೆದುಕೊಟ್ಟರು. ಬರಲಿಲ್ಲ. ಸುಟ್ಟದ್ದನ್ನು ಕತ್ತರಿಸಿ, ಉಳಿದದ್ದನ್ನು ಬೆಸೆದು, ಅಳೆದು ನೋಡಿದರು. ತಂತಿ ಗಿಡ್ಡವಾದ ಹಾಗೆ ರೋಧವೂ ಇಳಿದಿತ್ತು. “ಸಾರ್, ಈಗ ಎಂಟು ಬರ್ತಿದೆ,” ಎಂದು ಲೆಕ್ಚರರಿಗೆ ಹೇಳಿದರು. “ಆಯ್ತು ಬಿಡಿ,” ಎಂದರು ಲೆಕ್ಚರರು.

ಪ್ರಾಕ್ಟಿಕಲ್ ಪರೀಕ್ಷೆಯಲ್ಲಿ ಆ ಸುರುಳಿ ಹನ್ನೆರಡು ಜನರ ಪಾಲಿಗೆ ಬಂತು. ಹನ್ನೊಂದು ಜನ ಹತ್ತು ಎಂದು ಬರೆದು ಪಾಸಾದರು. ಟೈಲರ್ ಮಗಳೊಬ್ಬಳು ಎಂಟು ಎಂದು ಬರೆದಳು. ಹೊರಗಿನಿಂದ ಬಂದಿದ್ದ ಎಕ್ಸಾಮಿನರ್ ಅವಳ ಹಾಳೆಯ ಮೇಲೆ ಕೆಂಪು ಗೀಟು ಎಳೆದು, ಪ್ರಯೋಗವೇ ತಪ್ಪು ಎಂದು ಫೇಲು ಮಾಡಿದ. ಆತನಿಗೆ ಬಹುವಚನ ಹಚ್ಚಲು ನನಗೆ ಮನಸ್ಸಿಲ್ಲ. ಒಂದು ಸಬ್ಜೆಕ್ಟ್ ಹೋದರೂ ಓದು ಬಿಡಿಸಿ ಹೊಲಿಗೆ ಮೆಷಿನ್ ಮುಂದೆ ಕೂರಿಸುತ್ತೇನೆಂದು ಅಪ್ಪ ಹೇಳಿಟ್ಟಿದ್ದಾನೆ ಎಂದು ಹುಡುಗಿ ಬಿಕ್ಕುತ್ತಿದ್ದಳು. ಅಂಕಪಟ್ಟಿ ತರಲು ಹೋಗಿದ್ದ ನಾನು ಬಾಗಿಲಲ್ಲೇ ನಿಂತೆ.

“ಮುಳ್ಳು ತೋರಿಸಿದ್ದನ್ನೇ ಬರೆದೆ ಅಣ್ಣಾ.”

ಮುಳ್ಳಣ್ಣ ತಂತಿಗಳನ್ನು ಜೋಡಿಸಿದರು. “ಸಾರ್, ಒಂದ್ಸಲ ನೀವೇ ನೋಡಿ.”

“ಹನ್ನೊಂದು ಜನಕ್ಕೆ ಹತ್ತು ಬಂದಿದೆ. ಇವಳೊಬ್ಳಿಗೆ ಮಾತ್ರ ಎಂಟು ಬರುತ್ತಾ?”

“ಅವ್ರು ಯಾರೂ ಮೀಟರ್ ಕಡೆ ತಿರುಗಿಯೂ ನೋಡಿಲ್ಲ ಸಾರ್.”

ಎಕ್ಸಾಮಿನರ್ ಬಗ್ಗಿ ನೋಡಿದ. ಎರಡು ವೋಲ್ಟು, ಕಾಲು ಆಂಪಿಯರು. ಮೀಟರೇ ಕೆಟ್ಟಿದೆ ಎಂದ. ಮುಳ್ಳಣ್ಣ ಬೇರೆ ಮೀಟರ್ ಹಾಕಿದರು. ಮತ್ತೆ ಕಾಲು. ಎರಡನ್ನು ಕಾಲಿನಿಂದ ಭಾಗಿಸಿದರೆ ಎಂಟು, ಗುಣಿಸಿದರೆ ಅರ್ಧ ವ್ಯಾಟು. ಹುಡುಗಿಯ ಹಾಳೆಯಲ್ಲಿ ಅವೆರಡೂ ಅಚ್ಚುಕಟ್ಟಾಗಿ ಇದ್ದವು. ತಪ್ಪಾಯಿತಮ್ಮ ಎನ್ನಬೇಕಾದ ಬಾಯಿ ಏನು ಕೇಳಿತು ಗೊತ್ತೇ? “ಈ ಸುರುಳಿ ಮುಟ್ಟಿದ್ದು ಯಾರು?”

ವಿಷಯ ಪ್ರಿನ್ಸಿಪಾಲರ ಕೋಣೆಗೆ ಹೋಯಿತು. ನನ್ನನ್ನೂ ಕರೆಸಿದರು. ಕೊಟ್ಟ ಅಂಕ ತಿದ್ದಬೇಕಾದರೆ ಕಾರಣ ಬರೆಯಬೇಕು. “ಏನಂತ ಬರೀಲಿ? ನಾನು ತಪ್ಪು ಮಾಡ್ದೆ ಅಂತಲಾ?” ಎಂದ ಎಕ್ಸಾಮಿನರ್. ಪ್ರಿನ್ಸಿಪಾಲರು ಹಾವೂ ಸಾಯದ ಕೋಲೂ ಮುರಿಯದ ದಾರಿ ಹುಡುಕಿದರು. ಯಾರಿಗೂ ತಿಳಿಸದೆ ಸುರುಳಿ ಕತ್ತರಿಸಿದ್ದು ತನ್ನ ತಪ್ಪು ಎಂದು ಮುಳ್ಳಣ್ಣ ಬರೆದುಕೊಟ್ಟರೆ, ಹುಡುಗಿಯ ಅಂಕ ಸರಿಮಾಡಬಹುದು.

“ನಾನು ಹೇಳಿದ್ದೆನಲ್ಲ ಸಾರ್,” ಎಂದರು ಮುಳ್ಳಣ್ಣ, ಲೆಕ್ಚರರ ಕಡೆ ತಿರುಗಿ.

ಲೆಕ್ಚರರು ಫ್ಯಾನ್ ನೋಡುತ್ತಿದ್ದರು. ಅದೇನು ಅವರು ಜನ್ಮದಲ್ಲಿ ಫ್ಯಾನ್ ಕಂಡಿರಲಿಲ್ಲವೋ!

“ಆ ಹನ್ನೊಂದು ಜನ?” ಎಂದು ನಾನು ಬಾಯಿ ಬಿಟ್ಟೆ.

“ಅದೆಲ್ಲ ನಿಮಗ್ಯಾಕಮ್ಮ? ಟೈಪ್ ಮಾಡಿ,” ಎಂದರು ಪ್ರಿನ್ಸಿಪಾಲರು.

ಮಾಡಿದೆ. ನಾಲ್ಕೇ ಸಾಲು, ನಾಲ್ಕೂ ಸುಳ್ಳು. ಮುಳ್ಳಣ್ಣ ನನ್ನ ಮೇಜಿನ ಮುಂದೆ ನಿಂತು ಎರಡು ಸಲ ಓದಿಕೊಂಡರು. ಸಹಿ ಹಾಕಬೇಡಿ ಎಂದು ಅಂಗಲಾಚಿದೆ. ನಾಳೆ ಇದೇ ಕಾಗದ ತೋರಿಸಿ ನಿಮ್ಮ ಕೆಲಸಕ್ಕೇ ಕೈ ಹಾಕುತ್ತಾರೆ ಎಂದೆ.

“ಹಾಕ್ಲಿ ಮೇಡಂ. ಆ ಮಗು ಬರೆದ ಎಂಟು ಉಳ್ಕೊಂಡ್ರೆ ಸಾಕು,” ಎಂದರು. ಸಹಿ ಹಾಕಿ ಪೆನ್ನನ್ನು ಜೇಬಿಗೆ ಸಿಕ್ಕಿಸಿಕೊಂಡರು. ಮುಳ್ಳು ತೋರಿಸದೇ ಇದ್ದುದನ್ನು ಅವರು ಬರೆದುಕೊಟ್ಟದ್ದು ಅದೊಂದೇ ಸಲ.

ಹುಡುಗಿ ಪಾಸಾದಳು. ಹನ್ನೊಂದು ಜನರೂ ಪಾಸು. ತಪ್ಪೊಪ್ಪಿಗೆ ಮುಳ್ಳಣ್ಣನ ಫೈಲಿನಲ್ಲಿದೆ, ಆ ಫೈಲು ಇರುವುದು ನನ್ನ ಬೀರುವಿನಲ್ಲಿ. ಅದೇ ಬೀರುವಿನ ಕೆಳಗಿನ ಖಾನೆಯಲ್ಲಿ ಹಳೇ ರೆಕಾರ್ಡ್ ಪುಸ್ತಕಗಳ ಕಟ್ಟಿದೆ. ಹುಡುಕಿದರೆ ನನ್ನದೂ ಸಿಕ್ಕಿತು. ದುಂಡಗಿನ ಅಕ್ಷರದಲ್ಲಿ ಹತ್ತು ಓಮ್ ಎಂದು ಬರೆದಿದ್ದೇನೆ, ಪಕ್ಕದಲ್ಲಿ ಸರಿ ಗುರುತಿದೆ. ಆ ದಿನ ನಾನು ಮೀಟರಿನ ಕಡೆ ಕಣ್ಣೆತ್ತಿಯೂ ನೋಡಿರಲಿಲ್ಲ. ನನ್ನಿಂದ ಯಾರೂ ಯಾವ ತಪ್ಪೊಪ್ಪಿಗೆಯನ್ನೂ ಬರೆಸಿಕೊಂಡಿಲ್ಲ.