ಬಳೆಗಾರನ ಹೆಬ್ಬೆರಳು

ಹೋದ ವಾರ ದಾವಣಗೆರೆಯಲ್ಲಿ ಒಬ್ಬ ಡಾಕ್ಟರು ನನ್ನ ಮೈಮೇಲೆ ಹೆಬ್ಬೆರಳಿಟ್ಟು ಒತ್ತಿ ನೋಡಿದರು. ಕತ್ತಿನ ಬುಡ, ಹೆಗಲು, ಮೊಣಕೈ ಪಕ್ಕ, ಮೊಣಕಾಲ ಒಳಬದಿ. ಬಾಳೆಹಣ್ಣು ಮಾಗಿದೆಯೋ ಇಲ್ಲವೋ ಎಂದು ನೋಡುವವರು ಒತ್ತುವಷ್ಟೇ. ನಾನು ಕುರ್ಚಿಯಿಂದ ಎದ್ದೇಬಿಟ್ಟೆ. ಎಲ್ಲ ಸರಿಯಿದೆ ಎಂದು ಹೇಳುವ ರಕ್ತದ ರಿಪೋರ್ಟು, ಎಕ್ಸ್‌ರೇ, ಎರಡು ವರ್ಷದ್ದು, ಒಂದು ಕೈಚೀಲ ತುಂಬ ಹೊತ್ತು ಹೋಗಿದ್ದೆ. ಅವರು ಎಲ್ಲವನ್ನೂ ನೋಡಿ ಪಕ್ಕಕ್ಕಿಟ್ಟು, "ಕಾಗದದಾಗೆ ಕಾಣಲ್ಲ ಅಷ್ಟೆ ಯಜಮಾನ್ರೆ, ನೋವು ನಿಜವಾಗ್ಲೂ ಐತೆ" ಎಂದರು. ಮೈಯೆಲ್ಲ ನೋಯುವ ಈ ಕಾಯಿಲೆಗೆ ಫೈಬ್ರೊಮಯಾಲ್ಜಿಯ ಎಂದು ಚೀಟಿಯಲ್ಲಿ ಹೆಸರು ಬರೆದುಕೊಟ್ಟರು. ನಾಲ್ಕನೇ ಕ್ಲಾಸಿಗೇ ಶಾಲೆ ಬಿಟ್ಟ ನನ್ನ ನಾಲಿಗೆಗೆ ಆ ಹೆಸರು ಬಸ್ಸು ಹೊನ್ನಾಳಿ ದಾಟುವವರೆಗೂ ಹೊರಳಲಿಲ್ಲ. ಆದರೆ ದಾರಿಯುದ್ದಕ್ಕೂ ನನ್ನನ್ನು ಕಾಡಿದ್ದು ಹೆಸರಲ್ಲ, ಆ ಹೆಬ್ಬೆರಳು. ಒಂದು ಕಾಲದಲ್ಲಿ ಹಾಗೆ ಒತ್ತಿ ನೋಡಿ ತೀರ್ಪು ಕೊಡುತ್ತಿದ್ದವನು ನಾನೇ.

ನಾನು ಬಳೆಗಾರ. ಎಪ್ಪತ್ತರ ದಶಕದಲ್ಲಿ ನ್ಯಾಮತಿಯಿಂದ ಹೊರಟರೆ ಹೊನ್ನಾಳಿ ಸೀಮೆ, ಚನ್ನಗಿರಿ ಸೀಮೆ ಮುಗಿಸಿ ಜಗಳೂರು ಮುಟ್ಟಿ ಬರುತ್ತಿದ್ದೆ. ಹೆಗಲ ಮೇಲೆ ಮಲಾರ, ಬಳೆಗಳ ಗಂಟು. ಬಸ್ಸಿನಲ್ಲಿ ಸೀಟು ಸಿಕ್ಕರೂ ಯಾರಾದರೂ ಅದಕ್ಕೆ ಒರಗಿಯಾರೆಂದು ನಿಂತೇ ಹೋಗುವವನು. ದೊಡ್ಡ ಬಳೆಯನ್ನು ಯಾರು ಬೇಕಾದರೂ ತೊಡಿಸಿಯಾರು. ಕೈಯ ಗೆಣ್ಣುಗಳನ್ನು ಒತ್ತಿ, ಮಡಚಿ, ತೊಡುವವಳನ್ನು ಅಳಿಸದೆ, ಬಿಗಿ ಬಳೆಯನ್ನು ಒಡೆಯದೆ ಜಾರಿಸುವವನೇ ಬಳೆಗಾರ ಎಂಬ ಜಂಬ ನನಗಿತ್ತು. ಎಷ್ಟು ಜಂಬವೆಂದರೆ, ಕೈ ಹಿಡಿದರೆ ಸಾಕು, ಮನೆಯ ಸುದ್ದಿಯೆಲ್ಲ ತಿಳಿಯುತ್ತದೆ ಎಂದು ಕಟ್ಟೆಯ ಮೇಲೆ ಕೂತು ಹೇಳಿಕೊಳ್ಳುತ್ತಿದ್ದೆ. ಜನ ನಂಬುತ್ತಿದ್ದರು. ನಿಮಗೂ ಗೊತ್ತಿರಬಹುದು, ಆಗ ಹೆಣ್ಣುಮಕ್ಕಳಿಗೆ ತವರಿನ ಸುದ್ದಿ ತರುವವನೂ ಬಳೆಗಾರನೇ, ಒಯ್ಯುವವನೂ ಅವನೇ.

ಸಾಸ್ವೆಹಳ್ಳಿಯಲ್ಲಿ ರುದ್ರಮ್ಮನವರ ಸೊಸೆ ನಾಗವೇಣಿ ಅಂತ ಇದ್ದಳು. ತವರು ಜಗಳೂರು. ಮದುವೆಯಾಗಿ ಎರಡು ವರ್ಷ. ಜಗಲಿಯಲ್ಲಿ ಕೂತು ಅವಳ ಕೈ ಹಿಡಿದು ಯಾವಾಗಿನಂತೆ ಒತ್ತಿದೆ. ಅವಳು ಬೆಂಕಿ ತಾಗಿದವಳಂತೆ ಕೈ ಕಿತ್ತುಕೊಂಡಳು. ನನ್ನ ಮೂರು ಹಸಿರು ಬಳೆ ಒಡೆದವು. ಅಕ್ಕಪಕ್ಕದ ಹೆಂಗಸರು ನಕ್ಕರು. ರುದ್ರಮ್ಮ ಬಾಗಿಲಲ್ಲಿ ನಿಂತು, ಇವಳದು ದಿನಾ ಇದೇ ಗೋಳು, ಇವತ್ತು ಹೆಗಲಂತೆ, ನಾಳೆ ಸೊಂಟವಂತೆ, ಕೆಲಸ ಅಂದರೆ ಮೈಯೆಲ್ಲ ನೋವಂತೆ ಎಂದರು. ಆಮೇಲೆ ನನ್ನನ್ನೇ ಕೇಳಿದರು, "ನೀನೇ ನೋಡಿ ಹೇಳಪ್ಪ, ಆ ಕೈಯಾಗೆ ಏನೈತೆ?"

ಬಾವು ಇರಲಿಲ್ಲ, ಗಾಯವಿರಲಿಲ್ಲ. ಒಡೆದ ಬಳೆಯ ಸಿಟ್ಟು ಮಾತ್ರ ನನ್ನೊಳಗಿತ್ತು. "ಏನಿಲ್ರಿ, ಕೈ ಚೆನ್ನಾಗೈತೆ" ಎಂದೆ.

ಚೂರು ಆಯುವ ನೆಪದಲ್ಲಿ ನಾಗವೇಣಿ ಹತ್ತಿರ ಬಂದು ಮೆಲ್ಲಗೆ ಹೇಳಿದಳು: "ಜಗಳೂರಿಗೆ ಹೋಗ್ತೀರಲ್ಲಣ್ಣ, ನಮ್ಮಪ್ಪಗೆ ಒಂದ್ಮಾತು ಹೇಳ್ರಿ. ಮಲಗಿ ಎದ್ರೂ ಮೈ ಜಜ್ಜಿ ಹಾಕಿದಂಗೆ ಇರ್ತೈತೆ. ಇಲ್ಲಿ ಯಾರೂ ನಂಬಲ್ಲ. ನಾಲ್ಕು ತಿಂಗ್ಳು ಕರ್ಕೊಂಡು ಹೋಗಾಕೆ ಹೇಳ್ರಿ."

ಜಗಳೂರಿಗೆ ಹೋದೆ. ಅವಳ ತಂದೆ ಸಿದ್ದಪ್ಪನವರು ಶೇಂಗಾ ಹೊಲದಿಂದ ಕೈ ಒದರಿಕೊಂಡು ಬಂದು ಮಗಳು ಹೆಂಗಿದಾಳೆ ಎಂದು ಕೇಳಿದರು. ಹೇಳಬೇಕಾದ ಮಾತು ಬಾಯಲ್ಲೇ ಇತ್ತು. ಆದರೆ ನನ್ನ ಹೆಬ್ಬೆರಳಿಗೆ ಸಿಗದ ನೋವನ್ನು ನಾನು ಹೇಗೆ ಹೊತ್ತು ಹೇಳಲಿ? ನಾನೇನು ಸುಳ್ಳು ಸುದ್ದಿ ಸಾಗಿಸುವವನೇ? "ಏನಿಲ್ರಿ, ಚೆನ್ನಾಗಿದಾಳೆ" ಎಂದೆ. ಅವರು ನೆಮ್ಮದಿಯಾಗಿ ನನಗೆ ಊಟ ಹಾಕಿಸಿದರು. ಉಂಡೆ.

ಮರುವರ್ಷ ಸಾಸ್ವೆಹಳ್ಳಿಗೆ ಹೋದಾಗ ನಾಗವೇಣಿ ಜಗಲಿಯ ಕಂಬ ಹಿಡಿದು ಕೂತಳು, ಅರವತ್ತರ ಮುದುಕಿ ಕೂರುವ ಹಾಗೆ. ಕೈ ಚಾಚಲಿಲ್ಲ. "ಬಳೆ ಅಲ್ಲಿಟ್ಟು ಹೋಗ್ರಿ ಬಳೆಗಾರ್ರೆ, ನಾನೇ ಇಟ್ಕಂತೀನಿ" ಎಂದಳು.

ಅಣ್ಣ ಅನ್ನಲಿಲ್ಲ, ಗಮನಿಸಿದಿರಾ? ಅಪ್ಪ ಏನಂದರು ಎಂದೂ ಕೇಳಲಿಲ್ಲ. ವರ್ಷವಿಡೀ ದಾರಿ ನೋಡಿದ ಮೇಲೆ ಅವಳಿಗೆ ಎಲ್ಲ ತಿಳಿದಿತ್ತು. ರುದ್ರಮ್ಮ ಒಳಗಿಂದಲೇ, ಇನ್ನು ಇವಳನ್ನು ತವರಿಗೆ ಅಟ್ಟಿ ಮಗನಿಗೆ ಬೇರೆ ಹೆಣ್ಣು ನೋಡುತ್ತೇವೆ ಎಂದು ನನಗೆ ಕೇಳುವಂತೆ ಹೇಳುತ್ತಿದ್ದರು.

ಆ ಸುತ್ತು ಅಲ್ಲಿಗೇ ಬಿಟ್ಟೆ. ಮಲಾರ ಬಿಚ್ಚದೆ ಮೂರು ಬಸ್ಸು ಬದಲಿಸಿ ಜಗಳೂರಿಗೆ ಹೋಗಿ, ಸಿದ್ದಪ್ಪನವರ ಮುಂದೆ ನಿಂತು ಇದ್ದದ್ದು ಹೇಳಿದೆ. ಬೈದಿದ್ದರೆ ಹಗುರಾಗುತ್ತಿತ್ತು. ಅವರು ಟವಲ್ಲು ಹೆಗಲಿಗೆ ಹಾಕಿಕೊಂಡು, "ನಡೀರಿ, ನೀವೂ ಬರ್ರಿ" ಎಂದರು, ಅಷ್ಟೇ.

ರುದ್ರಮ್ಮನವರ ಜಗಲಿಯಲ್ಲಿ ಬೀಗರಿಬ್ಬರ ನಡುವೆ ನಾನು ಆರೋಪಿಯಂತೆ ಕೂತೆ. "ಏನಿಲ್ಲ ಅಂದೋನು ನೀನೇ ಅಲ್ವೇನಪ್ಪ? ಈಗ ಬಳೆ ಮಾರೋದು ಬಿಟ್ಟು ಡಾಕ್ಟ್ರಾದೆಯಾ?" ಎಂದರು ರುದ್ರಮ್ಮ. ಬೀದಿಯವರು ನಗುತ್ತಿದ್ದರು.

"ನಾನೇ ಅಂದಿದ್ದು ರುದ್ರಮ್ಮ. ತಪ್ಪು ಅಂದಿದ್ದೆ. ನನ್ನ ಕೈಗೆ ಸಿಗಲಿಲ್ಲ ಅಂದ ಮಾತ್ರಕ್ಕೆ ಅವಳ ಮೈಯಾಗೆ ಇಲ್ಲ ಅಂತಲ್ಲ."

ನಾಗವೇಣಿ ಅಪ್ಪನ ಜೊತೆ ಹೊರಟಳು. ಖಾಲಿ ಕೈಯಲ್ಲಿ ಹೋಗಬಾರದೆಂದು ಎರಡೂಕಾಲಿನ ಅಳತೆಯ ಕೈಗೆ ಎರಡೂವರೆಯ ಸಡಿಲ ಬಳೆ ತೆಗೆದು ಚಾಚಿದೆ. ಕಸುಬಿಗೇ ಅವಮಾನ, ಆದರೆ ಒತ್ತುವ ಕೆಲಸವಿಲ್ಲ. ಅವಳೇ ಇಟ್ಟುಕೊಂಡಳು.

ಐದು ತಿಂಗಳಿಗೆ ಗಂಡನೇ ಹೋಗಿ ಕರೆತಂದ. ನೋವು ಹೋಗಿರಲಿಲ್ಲ. ಆದರೆ ತವರಿನಲ್ಲಿ ಅವಳು ನೋವಿನ ಜೊತೆ ಬಾಳುವ ದಾರಿ ಕಂಡುಕೊಂಡಿದ್ದಳು. ಎದ್ದ ಕೂಡಲೇ ಬಿಸಿನೀರು. ತುಂಬಿದ ಕೊಡ ಒಂದು ಸಲದ ಬದಲು ಅರ್ಧ ಕೊಡ ಎರಡು ಸಲ. ನೋವು ಕಡಿಮೆಯಿದ್ದ ದಿನವೂ ಮೈಮುರಿದು ದುಡಿಯದಿರುವುದು. ರುದ್ರಮ್ಮ ಗೊಣಗುತ್ತಲೇ ಹಂಡೆಗೆ ಬೆಂಕಿ ಹಾಕುತ್ತಿದ್ದರು. ಎಂಬತ್ತರ ದಶಕ ಮುಗಿಯುವವರೆಗೂ ನಾನು ವರ್ಷಕ್ಕೊಮ್ಮೆ ಎರಡೂವರೆಯ ಬಳೆ ಒಯ್ದು ಕೊಟ್ಟೆ. ಅವಳು ಮತ್ತೆ ಅಣ್ಣ ಅನ್ನಲೇ ಇಲ್ಲ. ನಾನೂ ಕೇಳಲಿಲ್ಲ.

ಈಗ ಡಾಕ್ಟರು ನನಗೆ ಹೇಳಿದ್ದು ಹೆಚ್ಚುಕಡಿಮೆ ಅದನ್ನೇ: ಬಿಸಿನೀರು, ಸ್ವಲ್ಪ ಸ್ವಲ್ಪ ನಡಿಗೆ, ನಿದ್ದೆ, ಮಿತಿಯ ಕೆಲಸ. ಜೊತೆಗೊಂದು ಮಾತ್ರೆ. ನ್ಯಾಮತಿಯಲ್ಲಿ ಬಸ್ಸಿಳಿದು ಮನೆ ಮುಟ್ಟುವಷ್ಟರಲ್ಲಿ ಹೆಗಲು ಉರಿಯುತ್ತಿತ್ತು. ಎರಡು ವರ್ಷದಿಂದ ಹೆಂಡತಿಯ ಮುಂದೆ ನೋವೆಂಬ ಮಾತೇ ಆಡಿದವನಲ್ಲ. ಗ್ಯಾಸು, ಬಿಸಿಲು ಎಂದು ಸಾಗಹಾಕುತ್ತಿದ್ದೆ. ಅವಳು ಕೈಚೀಲ ತೆಗೆದುಕೊಂಡು, "ಏನಂದ್ರು ಡಾಕ್ಟ್ರು?" ಎಂದಳು.

ಏನಿಲ್ಲ ಎಂಬ ಮಾತು ಯಾವಾಗಿನಂತೆ ನಾಲಿಗೆಯ ತುದಿಗೆ ಬಂತು. ಜಗಳೂರಿನ ಆ ಊಟ ನೆನಪಾಯಿತು. ಆ ಮಾತನ್ನು ನುಂಗಿಕೊಂಡೆ.

"ನೋವೈತೆ ಕಣೆ" ಎಂದೆ. "ಮೈಯೆಲ್ಲ ಐತೆ."

ಅವಳು ಒಳಗೆ ಹೋಗಿ ಒಲೆಯ ಮೇಲೆ ನೀರಿಟ್ಟಳು.