ನಿದ್ದೆ ರಿಪೇರಿಯ ಉಮ್ ಸಿನಾನ್

ಮೂರು ಸಲ ತಟ್ಟಿದರೂ ಬಾಗಿಲು ತೆಗೆಯುವವರಿಲ್ಲ. ಮೊಸೂಲ್ ಹಳೇ ಊರಿನ ಓಣಿಯಲ್ಲಿ ಬೆಳಗಿನ ನಮಾಜು ಮುಗಿಸಿದವರು ಬಿಸಿ ಸಮೂನ್ ಬ್ರೆಡ್ಡನ್ನು ಕಂಕುಳಲ್ಲಿಟ್ಟುಕೊಂಡು ಮನೆಗೆ ಮರಳುತ್ತಿದ್ದಾರೆ. ಐವತ್ತೊಂಬತ್ತರ ಉಮ್ ಸಿನಾನ್ ಕೈಚೀಲವನ್ನು ಮೆಟ್ಟಿಲ ಮೇಲಿಟ್ಟು ಹುಬ್ಬು ಗಂಟಿಕ್ಕುತ್ತಾರೆ. ಕಳೆದ ಒಂಬತ್ತು ಬೆಳಗೂ ಈ ಮನೆಯ ಧನ್ನೂನ್ ಹಲ್ಲುಜ್ಜಿ, ಅಂಗಿ ತೊಟ್ಟು, ಇವರ ಕಾಲ ಸಪ್ಪಳಕ್ಕೆ ಮುಂಚೆಯೇ ಬಾಗಿಲು ತೆಗೆದು ನಿಂತಿರುತ್ತಿದ್ದ. ಇವತ್ತು ಅವನ ವ್ಯಾನಿನ ಕೀ ಅವನ ಕೈಗೆ ಬರಬೇಕಾದ ದಿನ. ಇವತ್ತೇ ಆಸಾಮಿಯ ಪತ್ತೆಯಿಲ್ಲ.

"ಮನೆ ತೀರಾ ಸುಮ್ಮನಿದ್ರೆ ನನ್ನ ಎದೆ ಡವಡವ ಅನ್ನುತ್ತೆ," ಎನ್ನುತ್ತ ಉಮ್ ಸಿನಾನ್ ಪಕ್ಕದ ಕಿಟಕಿಗೆ ಕಿವಿಯಿಡುತ್ತಾರೆ. ಒಳಗೆ ಯಂತ್ರದ ಸಣ್ಣ ಗುಂಯ್ ಸದ್ದು. ಅದರೊಳಗೆ ಇನ್ನೊಂದು ಸದ್ದು, ಒಳಕ್ಕೆ, ಹೊರಕ್ಕೆ, ಒಂದೇ ಹದದಲ್ಲಿ. ಐದು ನಿಮಿಷ ಕೇಳಿಸಿಕೊಂಡ ಮೇಲೆ ಅವರ ಭುಜ ಸಡಿಲವಾಗುತ್ತದೆ. ಅಲ್ಲೇ ಮೆಟ್ಟಿಲ ಮೇಲೆ ಕಾಲು ಚಾಚಿ ಕೂರುತ್ತಾರೆ. ಸರಿ, ಗಂಡ ಮಲಗಿದ್ದಾನೆ. ಹೆಂಡತಿ ಬುಶ್ರಾ ಎಲ್ಲಿ?

ಉಮ್ ಸಿನಾನ್ ಕೆಲಸಕ್ಕೆ ಊರಲ್ಲಿ ಹೆಸರಿಲ್ಲ, ಫಲಕವೂ ಇಲ್ಲ. ಕೆಲವರಿಗೆ ನಿದ್ದೆಯಲ್ಲಿ ಗೊರಕೆಯ ನಡುವೆ ಉಸಿರೇ ನಿಂತು ನಿಂತು ಬರುತ್ತದಲ್ಲ, ಅಂಥವರು ಮೂಗಿಗೆ ಮಾಸ್ಕ್ ಕಟ್ಟಿ, ಗಾಳಿ ಊದುವ ಪುಟ್ಟ ಯಂತ್ರ ಹಚ್ಚಿ ಮಲಗುತ್ತಾರೆ. ಆ ಗಾಳಿಯ ಒತ್ತಡ ಹದವಾಗಿರಬೇಕು. ಆಸ್ಪತ್ರೆಯ ಎದೆರೋಗದ ವಾರ್ಡಿನಲ್ಲಿ ಮೂವತ್ತೊಂದು ವರ್ಷ ನರ್ಸಾಗಿದ್ದು ನಿವೃತ್ತರಾದ ಈಕೆ ದಿನಾ ನಾಲ್ಕೈದು ಮನೆಗೆ ಹೋಗಿ ಆ ಹದ ನೋಡುತ್ತಾರೆ, ನೋಡಿಕೊಳ್ಳುವುದನ್ನು ಮನೆಯವರಿಗೂ ಕಲಿಸುತ್ತಾರೆ. ಹೋಗುವುದು ಬೆಳಗಾಗುವಾಗಲೇ. ಮಾಸ್ಕಿನ ಪಟ್ಟಿಯ ಗುರುತು, ದಿಂಬಿನ ಗೆರೆ ಕೆನ್ನೆಯ ಮೇಲೆ ಹಸಿಯಾಗಿರುವಾಗಲೇ ನೋಡಬೇಕಂತೆ. ಗಂಟೆಗೆ ಎಷ್ಟು ಸಲ ಉಸಿರು ನಿಂತಿತು ಎಂಬ ಅಂಕಿಯನ್ನು ಯಂತ್ರ ತೋರಿಸುತ್ತದೆ, ನಿದ್ದೆ ಬಂತೋ ಇಲ್ಲವೋ ಅಂತ ಮುಖ ಹೇಳುತ್ತದೆ ಎಂಬುದು ಅವರ ಲೆಕ್ಕ.

ತೊಂದರೆ ಬರುವುದು ಸ್ವಂತ ಡಾಕ್ಟರಿಕೆಯಿಂದ. ಯಂತ್ರದ ಎರಡು ಗುಂಡಿ ಒಟ್ಟಿಗೆ ಒತ್ತಿ ಹಿಡಿದರೆ ಒತ್ತಡ ಬದಲಿಸುವ ಜಾಗ ತೆರೆದುಕೊಳ್ಳುತ್ತದೆ. ಈ ಗುಟ್ಟು ಚಹಾದಂಗಡಿಯಲ್ಲಿ ಬಾಯಿಂದ ಬಾಯಿಗೆ ಹರಡಿದೆ. ಗೊತ್ತಾದವರ ಕೈ ಸುಮ್ಮನಿರಬೇಕಲ್ಲ! ಉಮ್ ಸಿನಾನ್ ನಿಯಮ ಎಲ್ಲರಿಗೂ ಒಂದೇ. ಡಾಕ್ಟರಿಗೆ ಫೋನ್ ಮಾಡಿ ಕೇಳು, ಅರ್ಧ ಹೆಜ್ಜೆ ಮಾತ್ರ ಸರಿಸು, ಏಳು ರಾತ್ರಿ ಕಾದು ನೋಡು, ಪುಸ್ತಕದಲ್ಲಿ ಬರೆದಿಡು.

ಧನ್ನೂನ್ ಸರಿಸಿದ್ದು ಅರ್ಧ ಹೆಜ್ಜೆಯಲ್ಲ. ದುಹೋಕ್ ದಾರಿಯಲ್ಲಿ ವ್ಯಾನ್ ಓಡಿಸುವ ಅವನು ಚಳಿಗಾಲದ ಒಂದು ಮಧ್ಯಾಹ್ನ ಹನ್ನೊಂದು ಜನರನ್ನು ಕೂರಿಸಿಕೊಂಡು ತೂಕಡಿಸಿದ. ಗಾಡಿ ರಸ್ತೆ ಬಿಟ್ಟು ಮಣ್ಣಿಗಿಳಿಯಿತು. ಯಾರಿಗೂ ಏನೂ ಆಗಲಿಲ್ಲ, ದೇವರು ದೊಡ್ಡವನು. ಅವತ್ತು ಸಂಜೆಯೇ ಬುಶ್ರಾ ಕೀಯನ್ನು ಅಕ್ಕಿ ಡಬ್ಬದ ತಳಕ್ಕೆ ಹಾಕಿ ಮುಚ್ಚಿದಳು. ಪರೀಕ್ಷೆ ಮಾಡಿದ ಡಾಕ್ಟರು ಒತ್ತಡ ಒಂಬತ್ತಕ್ಕಿಡಿ ಎಂದು ಬರೆದುಕೊಟ್ಟರು. ಯಂತ್ರ ಬಂತು. ಜಾಸ್ತಿ ಗಾಳಿ, ಜಾಸ್ತಿ ಗುಣ ಅಂದುಕೊಂಡ ಧನ್ನೂನ್ ಅದನ್ನು ಹದಿನೆಂಟಕ್ಕೇರಿಸಿದ. ಅವನದೋ ಗುಬ್ಬಚ್ಚಿ ಗೂಡು ಕಟ್ಟಬಹುದಾದಂಥ ಮೀಸೆ. ಅದರ ಸಂದಿಯಿಂದ ಗಾಳಿ ಸೀಟಿ ಹೊಡೆಯತೊಡಗಿತು. ಅಂಕಿ ಇಪ್ಪತ್ತೆರಡರಿಂದ ಜಪ್ಪಯ್ಯ ಅಂದರೂ ಇಳಿಯಲಿಲ್ಲ.

ಆಗ ಬಂದವರು ಉಮ್ ಸಿನಾನ್. ಮೀಸೆ ಸ್ವಲ್ಪ ಕತ್ತರಿಸಬಹುದಾ ಎಂದು ಕೇಳಿದ್ದೇ ತಪ್ಪಾಯಿತು. ಅಪ್ಪ ಬಿಟ್ಟಿದ್ದ ಮೀಸೆ, ಅಜ್ಜ ಬಿಟ್ಟಿದ್ದ ಮೀಸೆ, ಇದರ ಮೇಲೆ ಆಣೆ ಇಟ್ಟರೆ ಇಡೀ ಗಾಡಿ ಸ್ಟ್ಯಾಂಡೇ ನಂಬುತ್ತದೆ ಎಂದು ಅವನು ಎಗರಾಡಿದ. ಉಮ್ ಸಿನಾನ್ ಉರಿದುಬೀಳಲಿಲ್ಲ. ಮರುದಿನ ಮೂಗಿನ ಹೊಳ್ಳೆಗಷ್ಟೇ ಕೂರುವ ಸಣ್ಣ ಮಾಸ್ಕ್ ತಂದರು, ಒತ್ತಡವನ್ನು ಒಂಬತ್ತಕ್ಕಿಳಿಸಿದರು. ಬುಶ್ರಾ ಷರತ್ತು ಹಾಕಿದಳು: ಸತತ ಏಳು ಬೆಳಗು ಅಂಕಿ ಐದರೊಳಗಿದ್ದರೆ ಕೀ. ಅವಳ ಹಟಕ್ಕೆ ಉಮ್ ಸಿನಾನ್ ಈ ಮನೆಗೆ ದಿನಾ ಬರತೊಡಗಿದರು.

ಮೂರನೇ ಬೆಳಗ್ಗೆ ಯಂತ್ರ ಸೊನ್ನೆ ತೋರಿಸಿತು. ಬುಶ್ರಾ ಖುಷಿಯಿಂದ ಚಪ್ಪಾಳೆ ತಟ್ಟಿದಳು. ಉಮ್ ಸಿನಾನ್ ಮಾತ್ರ ಧನ್ನೂನ್ ಗಲ್ಲ ಹಿಡಿದು ಮುಖವನ್ನು ಬೆಳಕಿಗೆ ತಿರುಗಿಸಿದರು. ಕಣ್ಣು ಕೆಂಡ. ಕೆನ್ನೆಯ ಮೇಲೆ ದಿಂಬಿನ ಒಂದು ಗೆರೆಯೂ ಇಲ್ಲ.

"ತಮ್ಮಾ, ರಾತ್ರಿಯೆಲ್ಲ ಮಾಸ್ಕ್ ಹಾಕ್ಕೊಂಡು ಎದ್ದೇ ಕೂತಿದ್ದೀಯ," ಎಂದರು. "ಯಂತ್ರಕ್ಕೆ ಚಳ್ಳೆಹಣ್ಣು ತಿನ್ನಿಸಿದೆ, ಸರಿ. ರಸ್ತೆಗೂ ತಿನ್ನಿಸ್ತೀಯಾ?"

ಧನ್ನೂನ್ ತಲೆ ತಗ್ಗಿಸಿದ. ಸಣ್ಣ ದನಿಯಲ್ಲಿ ಹೇಳಿದ, "ಗಾಡಿ ಇಲ್ದೆ ನಾನ್ಯಾರು, ಉಮ್ ಸಿನಾನ್? ಹೆಂಗಸರ ಥರ ಮಸೂರಬೇಳೆ ಆರಿಸ್ತಾ ಕೂತಿದ್ದೀನಿ." ಬುಶ್ರಾ ಸುಮ್ಮನಿರಲಿಲ್ಲ, ಅದರಲ್ಲೂ ಕಲ್ಲು ಬಿಡ್ತಾರೆ ಎಂದಳು. ಲೆಕ್ಕ ಮತ್ತೆ ಒಂದರಿಂದ ಶುರುವಾಯಿತು. ಇವತ್ತಿಗೆ ಏಳು.

ಬಿಸಿಲು ಎದುರು ಗೋಡೆಯ ಅರ್ಧಕ್ಕಿಳಿದಿದೆ. ಪಕ್ಕದ ಮನೆಯವರು ಕೊಟ್ಟ ಚಹಾ ಎರಡು ಲೋಟ ಮುಗಿದಿದೆ. ಇನ್ನೊಮ್ಮೆ ಜೋರಾಗಿ ತಟ್ಟಿ ನೋಡಬಹುದಲ್ಲ ಎಂದು ಜೊತೆಗೆ ಬಂದಿರುವ ನಾನು ಅಂದರೆ ಉಮ್ ಸಿನಾನ್ ಕಣ್ಣು ಕೆಕ್ಕರಿಸುತ್ತಾರೆ. ಕೊನೆಗೆ ಚಿಲಕ ಸರಿಯುತ್ತದೆ. ಬುಶ್ರಾ ನಿಂತಿದ್ದಾಳೆ. ತಲೆಗೆ ಸುತ್ತಿದ ಬಟ್ಟೆ ಓರೆಯಾಗಿದೆ, ಬಲಗೆನ್ನೆಯ ಮೇಲೆ ಕಿವಿಯಿಂದ ಬಾಯಿಯವರೆಗೆ ದಿಂಬಿನ ಆಳವಾದ ಗೆರೆ.

"ನಾನೂ ಮಲಗಿಬಿಟ್ಟೆ, ಉಮ್ ಸಿನಾನ್," ಎನ್ನುತ್ತಾಳೆ, ತಪ್ಪು ಮಾಡಿದವಳ ಹಾಗೆ. "ಹನ್ನೊಂದು ವರ್ಷದಿಂದ ಇವರ ಉಸಿರು ಮತ್ತೆ ಬರುತ್ತಾ ಅಂತ ಕಾಯ್ತಾ ಕೂತಿರ್ತಿದ್ದೆ. ನಿನ್ನೆ ಕಾಯೋದೇ ಮರೆತುಹೋಯ್ತು."

ಉಮ್ ಸಿನಾನ್ ಆ ಗೆರೆಯನ್ನು ಬೆರಳಲ್ಲಿ ಒಮ್ಮೆ ಮುಟ್ಟುತ್ತಾರೆ. "ಅಕ್ಕಿ ಡಬ್ಬ ತೆಗಿಯಮ್ಮ," ಎನ್ನುತ್ತಾರೆ. ಯಂತ್ರವನ್ನು ನೋಡುವುದು ಅದಾದ ಮೇಲೆ: ಮೂರು ಚಿಲ್ಲರೆ. ಅಷ್ಟು ಹೊತ್ತಿಗೆ ಸರಿಯಾಗಿ ಧನ್ನೂನ್ ಕಣ್ಣುಜ್ಜುತ್ತ ಬರುತ್ತಾನೆ. ಮೀಸೆಯ ಒಂದು ತುದಿ ಆಕಾಶ ನೋಡುತ್ತಿದೆ. ಕೀ ಕೇಳುವುದನ್ನೇ ಮರೆತು, ತಿಂಡಿಗೆ ಕೆನೆ ಇದೆಯಾ ಎಂದು ಕೇಳುತ್ತಾನೆ. ಬುಶ್ರಾ ಕೆನೆಯ ತಟ್ಟೆಯ ಪಕ್ಕ ಕೀ ಇಡುತ್ತಾಳೆ. ಅದರ ಸಂದಿಯಲ್ಲಿ ಒಂದು ಅಕ್ಕಿಕಾಳು ಸಿಕ್ಕಿಕೊಂಡಿದೆ. ಇನ್ನು ಆ ಗುಂಡಿ ಮುಟ್ಟಲ್ಲ ಎಂದು ಅವನು ಮೀಸೆಯ ಮೇಲೆ ಆಣೆ ಇಡಲು ಹೋದರೆ, ಆಣೆ ಬೇಡ, ಮುಟ್ಟೋದಾದ್ರೆ ಡಾಕ್ಟರನ್ನ ಕೇಳಿ ಮುಟ್ಟು, ಪುಸ್ತಕದಲ್ಲಿ ಬರಿ ಎಂದು ಉಮ್ ಸಿನಾನ್ ಚೀಲ ಎತ್ತಿಕೊಳ್ಳುತ್ತಾರೆ.

ಮುಂದಿನ ಮನೆ ಎರಡು ಓಣಿಯಾಚೆ. ನಿಮಗೇನಾದರೂ ಆಸೆ ಇದೆಯಾ ಎಂದು ದಾರಿಯಲ್ಲಿ ಕೇಳಿದರೆ ಮೊದಲು ನಗುತ್ತಾರೆ, ನಾಲ್ಕು ಹೆಜ್ಜೆ ಯೋಚಿಸುತ್ತಾರೆ.

"ನಾನು ಹೋಗಿ ತಟ್ಟಿದ್ರೆ ಯಾವ ಮನೇಲೂ ಯಾರಿಗೂ ಎಚ್ಚರ ಆಗಬಾರದು," ಎನ್ನುತ್ತಾರೆ. "ಮೆಟ್ಟಿಲ ಮೇಲೆ ಎಷ್ಟು ಹೊತ್ತಾದ್ರೂ ಕೂತಿರ್ತೀನಿ."